ಮೆಚ್ಚಿಸು ಎಂದು ಕಳಿಸಿದ್ದೆ

ಅಹಮದಾಬಾದಿಗೆ ಬಂದ ಮರುದಿನ ಬೆಳಿಗ್ಗೆ ಕಸದ ಬುಟ್ಟಿ ಹೊರಗಿಡಲೆಂದು ಬಾಗಿಲು ತೆರೆದೆ. ಎದುರು ಮನೆಯ ಹೆಂಗಸು ತನ್ನ ಹೊಸ್ತಿಲಲ್ಲಿ ಕೂತು ಚವಳಿಕಾಯಿ ಸೋಸುತ್ತಿದ್ದಳು. ನನ್ನನ್ನು ಮೇಲಿಂದ ಕೆಳಗೆ ನೋಡಿ, “ಬಾ, ಅಹೀಂ ಗಮೇ ಛೇ?” ಎಂದಳು. ಕರೆಯುತ್ತಿದ್ದಾಳೆ ಎಂದುಕೊಂಡು ಹೋಗಿ ಅವಳ ಪಕ್ಕ ಕೂತೆ. ಸುಮ್ಮನೆ ಕೂರುವುದೇಕೆಂದು ಒಂದು ಹಿಡಿ ಚವಳಿಕಾಯಿಯನ್ನೂ ಎತ್ತಿಕೊಂಡೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಇಲ್ಲಿ ವಯಸ್ಸಾದ ಹೆಂಗಸಿಗೆ ಬಾ ಎನ್ನುತ್ತಾರೆ, ನಾವು ಅವ್ವ ಎಂದ ಹಾಗೆ. ಉಳಿದ ಮಾತನ್ನು ನನ್ನ ಮೊಮ್ಮಗಳು ಐಶು ಶಾಲೆಯ ಚೀಲ ಹೆಗಲಿಗೇರಿಸುತ್ತ ಬಿಡಿಸಿ ಹೇಳಿದಳು.

“ಅಜ್ಜಿ, ಇಲ್ಲಿ ನಿನಗ ಸೇರ್ತದ ಏನು, ಮನಸ್ಸಿಗೆ ಖುಷಿ ಕೊಡ್ತದ ಏನು ಅಂತ ಆಂಟಿ ಪೂಛ್ತಾರ.”

ನನಗೆ ಅರವತ್ತೆಂಟು. ಊರು ಸೇರುತ್ತದೆಯೇ, ಮನೆ ಸೇರುತ್ತದೆಯೇ, ಗಂಡ ಸೇರುತ್ತಾನೆಯೇ ಎಂದು ಅದುವರೆಗೆ ನನ್ನನ್ನು ಯಾರೂ ಕೇಳಿರಲಿಲ್ಲ. ಚವಳಿಕಾಯಿಯ ನಾರು ತೆಗೆದೆ.

ನಮ್ಮ ಕಡೆ ಹೆಣ್ಣಿಗೆ ಬರುವ ಮಾತು ಬೇರೆ. ಮೆಚ್ಚಿಸು. ಅತ್ತೆಯನ್ನು ಮೆಚ್ಚಿಸು, ಗಂಡನನ್ನು ಮೆಚ್ಚಿಸು, ನಾದಿನಿಯನ್ನು, ಮನೆದೇವರನ್ನು. ನಾನು ರೋಣದ ಬಸ್ ಸ್ಟ್ಯಾಂಡಿನ ಹಿಂದೆ ಬಹಳ ವರ್ಷ ಖಾನಾವಳಿ ನಡೆಸಿದವಳು. ಅಲ್ಲಿ ಗಿರಾಕಿಯನ್ನು ಮೆಚ್ಚಿಸು. ಗಿರಾಕಿ ಸುಲಭ. ರೊಟ್ಟಿ ಬಿಸಿ ಇರಬೇಕು, ಚಟ್ನಿ ಖಾರ ಇರಬೇಕು, ತಿಂದು ಕೈ ತೊಳೆದು ಹೋಗುತ್ತಾನೆ. ಮನೆಯೊಳಗೆ ಆ ಕೆಲಸ ಮುಗಿಯುವುದಿಲ್ಲ. ಇವತ್ತು ಮೆಚ್ಚಿಸಿದ್ದು ನಾಳೆಗೆ ಉಳಿಯುವುದಿಲ್ಲ, ಹಳಸುತ್ತದೆ. ಗಂಡ ಹೆಂಡತಿಯನ್ನು ಮೆಚ್ಚಿಸಿದ ಎಂದು ಯಾರಾದರೂ ಹೇಳಿದರೆ ನಮ್ಮೂರ ಕಟ್ಟೆಯ ಮೇಲೆ ನಗುತ್ತಾರೆ, ಅವನ ಮೀಸೆಯ ಮೇಲೆ ಏನಾದರೊಂದು ಅನ್ನುತ್ತಾರೆ. ನಾನು ಓದಿದ್ದು ಮೂರನೇ ಇಯತ್ತೆ. ಪುಸ್ತಕದ ಅರ್ಥ ಗೊತ್ತಿಲ್ಲ. ಆದರೆ ಈ ಮಾತು ಯಾರು ಯಾರಿಗೆ ಹೇಳುವುದು, ಯಾರಿಗೆ ಯಾವತ್ತೂ ಹೇಳುವುದಿಲ್ಲ ಎಂಬುದು ಚೆನ್ನಾಗಿ ಗೊತ್ತು.

ಇಲ್ಲಿಯವರು ಗಮೇ ಛೇ ಎಂದು ಎಲ್ಲದಕ್ಕೂ ಕೇಳುತ್ತಾರೆ. ಸೀರೆ ತೋರಿಸಿ ಕೇಳುತ್ತಾರೆ, ಚಹಾ ಕೊಟ್ಟು ಕೇಳುತ್ತಾರೆ, ಹುಡುಗನನ್ನು ತೋರಿಸಿ ಹುಡುಗಿಯನ್ನು ಕೇಳುತ್ತಾರೆ. ಮೊದಮೊದಲು ನನಗೆ ಇದು ದೊಡ್ಡ ದೇಶ ಅನ್ನಿಸಿತು. ಆಮೇಲೆ ತಿಳಿಯಿತು, ಕೇಳಿದ್ದಕ್ಕೆಲ್ಲ ಹೌದು ಎನ್ನುವುದೇ ಇಲ್ಲಿಯೂ ರೂಢಿ. ಇಲ್ಲ ಎಂದರೆ ಪಾಪ ಎಂದು ಒಂದು ಡಬ್ಬಿ ಢೋಕ್ಳಾ ತಂದುಕೊಡುತ್ತಾರೆ.

ನಾನು ಊರು ನೋಡಲು ಬಂದವಳಲ್ಲ. ಮಗಳು ಮಂಜುಳಾಳ ಬಲಗೈ ಮಣಿಕಟ್ಟು ಮುರಿದಿತ್ತು. ಬಚ್ಚಲಲ್ಲಿ ಜಾರಿದೆ ಎಂದು ಫೋನಿನಲ್ಲಿ ಹೇಳಿದಳು. ಅಳಿಯ ವಿಮಾ ಕಂಪನಿಯ ಅಧಿಕಾರಿ. ಮೊದಲು ಸೂರತ್, ನಂತರ ವಡೋದರಾ, ಈಗ ಅಹಮದಾಬಾದ್, ಹೀಗೆ ವರ್ಗವಾಗುತ್ತ ಹದಿನಾಲ್ಕು ವರ್ಷ ಗುಜರಾತಿನಲ್ಲೇ ಕಳೆದಿದ್ದಾನೆ. ಪ್ಲಾಸ್ಟರ್ ಬಿಚ್ಚುವವರೆಗೆ ಅಡುಗೆಗೆ ಜನ ಬೇಕಿತ್ತು. ಟಿಕೆಟ್ ಅವನೇ ಕಳಿಸಿದ.

ಮನೆ ವಸ್ತ್ರಾಪುರದಲ್ಲಿ, ಕೆರೆಯಿಂದ ಎರಡು ರಸ್ತೆ ಆಚೆ, ನಾಲ್ಕನೇ ಮಹಡಿ. ಕೆರೆ ಎಂದರೆ ನಾನು ಎಮ್ಮೆ ಈಸುವ ಕೆರೆ ಎಂದುಕೊಂಡಿದ್ದೆ. ಇದಕ್ಕೆ ಸುತ್ತ ಕಲ್ಲುಹಾಸು, ಬೆಂಚು. ಜನ ಅದನ್ನು ಸುತ್ತುತ್ತಾರೆ, ಇಳಿಯುವುದಿಲ್ಲ. ಬೇಳೆಗೆ ಬೆಲ್ಲ, ಪಲ್ಯಕ್ಕೆ ಸಕ್ಕರೆ. ಒಂದು ವಾರ ನನ್ನ ನಾಲಿಗೆ ಹಬ್ಬದ ಮನೆಯಲ್ಲಿ ಸಿಕ್ಕಿಹಾಕಿಕೊಂಡ ಹಾಗೆ ಇತ್ತು. ಉಪ್ಪಿಗೆ ಮೀಠುಂ ಎನ್ನುತ್ತಾರೆ. ಹಾಗಾದರೆ ಸಕ್ಕರೆಗೆ ಏನೆನ್ನುತ್ತೀರಿ ಎಂದು ಕೇಳಿದೆ, ಖಾಂಡ್ ಎಂದರು. ಚಹಾದ ಗಾಡಿಯವನಿಗೆ “ಖಾಂಡ್ ಓಛೀ” ಎಂದರೆ ಸಕ್ಕರೆ ಕಡಿಮೆ ಹಾಕುತ್ತಾನೆ. ಇಷ್ಟು ಕಲಿತ ದಿನ ನಾನೇ ಇಳಿದು ಹೋಗಿ ಒಂದು ಕಪ್ ಚಹಾ ಕುಡಿದು ಬಂದೆ. ಹಿಟ್ಟಿನ ಗಿರಣಿಯವನ ಹತ್ತಿರ ಬಿಳಿಜೋಳ ಬೀಸಿಸಿಕೊಂಡು ಬಂದದ್ದು ಇನ್ನೊಂದು ಗೆಲುವು. ರೊಟ್ಟಿ ತಟ್ಟುವ ಸದ್ದಿಗೆ ಕೆಳಗಿನ ಮನೆಯವರು, ನಾವು ಗೋಡೆಗೆ ಮೊಳೆ ಹೊಡೆಯುತ್ತಿದ್ದೇವೆ ಎಂದುಕೊಂಡು ಮೇಲೆ ಬಂದರು. ಒಂದು ರೊಟ್ಟಿ ಕೊಟ್ಟು ಕಳಿಸಿದೆ.

ಈ ಕಟ್ಟಡಗಳಲ್ಲಿ ಒಂದು ಪದ್ಧತಿ ಇದೆ. ಒಂದೊಂದು ಮನೆಗೂ ಎರಡು ಬಾಗಿಲು. ಹೊರಗೆ ಕಬ್ಬಿಣದ ಜಾಲರಿ, ಒಳಗೆ ಮರದ್ದು. ಜಾಲರಿ ಹಾಕಿರುತ್ತದೆ, ಮರದ ಬಾಗಿಲು ಬೆಳಗಿನಿಂದ ಮಲಗುವವರೆಗೆ ತೆರೆದೇ ಇರುತ್ತದೆ. ಕುಕ್ಕರ್ ಕೂಗಿದ್ದು, ಮಗು ಅತ್ತದ್ದು ಎಲ್ಲ ಎಲ್ಲರಿಗೂ ಕೇಳುತ್ತದೆ. ನಮ್ಮ ಮನೆಯದೂ ಹಾಗೇ ಇರುತ್ತಿತ್ತು, ಸಂಜೆ ಏಳರವರೆಗೆ. ಲಿಫ್ಟಿನ ಸದ್ದಾದ ಕೂಡಲೇ ಮಂಜುಳಾ ಎದ್ದು ನಿಲ್ಲುತ್ತಿದ್ದಳು. ಅಳಿಯ ಒಳಗೆ ಬರುತ್ತಿದ್ದ, ಮರದ ಬಾಗಿಲು ಹಾಕುತ್ತಿದ್ದ.

ಅವನು ಕುಡಿಯುವವನಲ್ಲ, ಕೂಗಾಡುವವನಲ್ಲ. ಹಾಗಿದ್ದಿದ್ದರೆ ನನಗೆ ಬೇಗ ತಿಳಿಯುತ್ತಿತ್ತು. ಅವನು ತಟ್ಟೆ ಸರಿಸುವವನು. ಒಂದು ತುತ್ತು ಬಾಯಿಗಿಟ್ಟು, ಎರಡು ಬೆರಳಿನಿಂದ ತಟ್ಟೆಯನ್ನು ಒಂದು ಗೇಣು ಮುಂದೆ ಸರಿಸಿ ಸುಮ್ಮನೆ ಕೂರುತ್ತಿದ್ದ. ಏನು ಕಡಿಮೆ ಎಂದು ಹೇಳುತ್ತಿರಲಿಲ್ಲ. ಮಂಜುಳಾ ಎಡಗೈಯಲ್ಲಿ ಉಪ್ಪು ತರುತ್ತಿದ್ದಳು, ತುಪ್ಪ ತರುತ್ತಿದ್ದಳು, ಮೊಸರು ತರುತ್ತಿದ್ದಳು. ನಾನು ಖಾನಾವಳಿಯಲ್ಲಿ ಎಂಥೆಂಥವರನ್ನೋ ನೋಡಿದ್ದೇನೆ, ಹೀಗೆ ಬಾಯಿ ಬಿಡದೆ ಮೂರು ಜನರನ್ನು ಓಡಿಸುವವನನ್ನು ನೋಡಿರಲಿಲ್ಲ. ಆದರೂ ನಾನು ಅವಳಿಗೆ ಒಲೆಯ ಹತ್ತಿರ ಹೇಳಿದ್ದು ಇದೇ: “ಅವಂಗೇನ್ ಬೇಕಂತ ಮೊದಲ ತಿಳ್ಕೋಬಾರದೇನ? ಇಷ್ಟ್ ವರ್ಷ ಆತು.”

ಆಷಾಢ ಬಂತು. ನಮ್ಮ ಕಡೆ ಆಷಾಢಕ್ಕೆ ಹೊಸದಾಗಿ ಮದುವೆಯಾದ ಹೆಣ್ಣನ್ನು ತವರಿಗೆ ಕರೆದುಕೊಳ್ಳುತ್ತಾರೆ. ಇಲ್ಲಿ ಇನ್ನೂ ಮದುವೆಯಾಗದ ಹೆಣ್ಣುಮಕ್ಕಳು ಐದು ದಿನ ವ್ರತ ಹಿಡಿಯುತ್ತಾರೆ. ಗೌರಿ ವ್ರತ ಎಂದು ಹೆಸರು, ಆಡುಮಾತಿನಲ್ಲಿ ಮೋಳಾಕತ್. ಮೋಳು ಎಂದರೆ ಸಪ್ಪೆ. ಐದು ದಿನ ಉಪ್ಪು ಮುಟ್ಟುವ ಹಾಗಿಲ್ಲ, ಒಂದೇ ಹೊತ್ತು ಊಟ. ಸಣ್ಣ ಕುಂಡದಲ್ಲಿ ಗೋಧಿ ಮೊಳಕೆ ಬೆಳೆಸಿ ಗುಡಿಗೆ ಒಯ್ಯುತ್ತಾರೆ. ಕೈಗೆಲ್ಲ ಮೆಹಂದಿ, ಹೊಸ ಲಂಗ. ಐದು ವರ್ಷ ಬಿಡದೆ ಮಾಡಬೇಕಂತೆ. ಎದುರು ಮನೆಯ ಹಂಸಾಬೆನ್ ನನಗೆ ಇದನ್ನೆಲ್ಲ ಹಿಂದಿಯಲ್ಲಿ ಹೇಳಿದಳು. ಅವಳ ಮೊಮ್ಮಗಳು ಧ್ರುವಿಗೂ ಐಶುವಿಗೂ ಒಂದೇ ವಯಸ್ಸು, ಹನ್ನೆರಡು. ಇಬ್ಬರಿಗೂ ಅದು ಎರಡನೇ ವರ್ಷದ ವ್ರತ.

“ಯಾಕ ಮಾಡೂದು?” ಎಂದು ಕೇಳಿದೆ.

“ಭಗವಾನನೇ ರಾಜೀ ಕರವಾನಾ, ಬಾ,” ಎಂದಳು ಹಂಸಾಬೆನ್. ದೇವರನ್ನು ಮೆಚ್ಚಿಸುವುದು. ಶಂಕರ ಮೆಚ್ಚಿದರೆ ಒಳ್ಳೆ ಗಂಡ ಸಿಗುತ್ತಾನೆ. ನಮ್ಮಲ್ಲಿ ರಾಜಿ ಎಂದರೆ ಜಗಳ ಮುಗಿಸಲು ಇಬ್ಬರೂ ಒಂದೊಂದು ಹೆಜ್ಜೆ ಹಿಂದೆ ಸರಿಯುವುದು. ಇಲ್ಲಿ ಒಬ್ಬರು ಉಪ್ಪು ಬಿಡುತ್ತಾರೆ, ಇನ್ನೊಬ್ಬರು ಮೆಚ್ಚುತ್ತಾರೆ.

ಮಕ್ಕಳ ಆಟ ಎಂದುಕೊಂಡೆ. ನಾವೂ ಸಣ್ಣವರಿದ್ದಾಗ ಜೋಕಾಲಿ ಕಟ್ಟಿ, ಮಣ್ಣಿನ ಗೌರಿ ಮಾಡಿ ಕುಣಿದವರೇ. ಐಶುವಿನ ಊಟ ನಾನೇ ಮಾಡಿದೆ. ಹಾಲು, ಬಾಳೆಹಣ್ಣು, ತುಪ್ಪ, ಚಪಾತಿ, ಉಪ್ಪಿಲ್ಲದ ಆಲೂಗಡ್ಡೆ. ಪಲ್ಯದ ಉಪ್ಪಿನ ಡಬ್ಬಿಯನ್ನು ಎತ್ತಿ ಮೇಲಿನ ಹಲಗೆಯಲ್ಲಿಟ್ಟೆ, ಮರೆತು ಕೈ ಹೋಗಬಾರದೆಂದು. ಅಷ್ಟು ಎಚ್ಚರಿಕೆ.

ಮೂರನೇ ದಿನ ಧ್ರುವಿಯೂ ನಮ್ಮಲ್ಲೇ ಊಟಕ್ಕೆ ಕೂತಳು. ಚಪಾತಿ ಮುರಿದು ಬಾಯಿಗಿಟ್ಟವಳು ಕಣ್ಣು ಅಗಲಿಸಿ, “ಆಮಾಂ ತೋ ಮೀಠುಂ ಛೇ!” ಎಂದು ಕೂಗಿ ಬಚ್ಚಲಿಗೆ ಓಡಿ ಉಗುಳಿದಳು. ಇದರಲ್ಲಿ ಉಪ್ಪಿದೆ! ಹಂಸಾಬೆನ್ ಬಂದಳು, ಒಂದು ಚೂರು ತಿಂದು ನೋಡಿದಳು.

“ಬಾ, ರೋಟಲೀಯಲ್ಲಿ ಯಾರಾದರೂ ಉಪ್ಪು ಹಾಕುತ್ತಾರಾ?”

“ಯಾರಾದರೂ ಅಂದರೆ? ನಾವೆಲ್ಲ ಹಾಕುತ್ತೇವೆ!”

ಇಲ್ಲಿ ಚಪಾತಿ ಹಿಟ್ಟಿಗೆ ಉಪ್ಪು ಹಾಕುವುದೇ ಇಲ್ಲ. ಯಾವತ್ತೂ ಇಲ್ಲ, ವ್ರತ ಇರಲಿ ಬಿಡಲಿ. ಆದ್ದರಿಂದ ಹಿಟ್ಟಿಗೆ ಹಾಕಬೇಡ ಎಂದು ನನಗೆ ಹೇಳಬೇಕು ಅಂತ ಅವರಿಗೆ ಹೊಳೆಯಲಿಲ್ಲ. ನನಗೋ, ಹಿಟ್ಟು ಕಲಸುವುದೆಂದರೆ ಉಪ್ಪು, ನೀರು, ಹಿಟ್ಟು ಮೂರೂ ಒಂದೇ ಕೆಲಸ. ಹಿಟ್ಟಿನ ಡಬ್ಬಿಯ ಪಕ್ಕ ಬೇರೆ ಬಟ್ಟಲಲ್ಲಿ ಕಲ್ಲುಪ್ಪು ಇಟ್ಟಿರುತ್ತೇನೆ. ನನ್ನ ಬೆರಳು ಮೂರು ದಿನವೂ ನನಗೆ ಹೇಳದೆ ಅದನ್ನು ಹಾಕಿತ್ತು. ನಮ್ಮ ಕೈ ಅಡುಗೆ ತಿಂದು ಬೆಳೆದ ಐಶುವಿಗೆ ಅದು ಉಪ್ಪೆಂದು ತಿಳಿಯಲೇ ಇಲ್ಲ.

ಹಂಸಾಬೆನ್ ಒಳ್ಳೆಯವಳು. “ಕಂಈ ವಾಂಧೋ ನಹೀ,” ಏನೂ ಪರವಾಗಿಲ್ಲ, ತಿಳಿಯದೆ ಆದದ್ದನ್ನು ದೇವರು ಹಿಡಿಯುವುದಿಲ್ಲ ಎಂದು ಹೇಳಿ ಧ್ರುವಿಯನ್ನು ಕರೆದುಕೊಂಡು ಹೋದಳು. ಅವರ ಮನೆಯಿಂದ ನಗು ಕೇಳಿಸಿತು.

ಐಶು ನಗಲಿಲ್ಲ. ಗೋಡೆಗೆ ಅಂಟಿ ಕೂತು, ಗಂಟಲಿಗೆ ಬೆರಳು ಹಾಕಿ ಹಾಕಿ ವಾಂತಿ ಮಾಡಲು ನೋಡಿದಳು. ಕೈ ಹಿಡಿದು ಬಿಡಿಸಿದೆ.

“ಹುಚ್ಚು ಹುಡುಗಿ, ಗಂಡ ಇನ್ನ ಎಲ್ಲಿ ಅದಾನೋ ಏನೋ, ಈಗ ಯಾಕ ಅವನ ಚಿಂತಿ? ಬರೂ ವರ್ಷ ಮಾಡಿದ್ರಾತು.”

“ನನ್ನ ಗಂಡ ಸಲುವಾಗಿ ಅಲ್ಲ,” ಎಂದಳು. ಅವಳ ಕನ್ನಡ ಮೊದಲೇ ಕುಂಟು, ಅಳುವಾಗ ಇನ್ನೂ ಕುಂಟುತ್ತಿತ್ತು. “ಮಮ್ಮಿ ಸಲುವಾಗಿ. ಪಪ್ಪಾ ಮಮ್ಮಿ ಮ್ಯಾಲೆ ಗುಸ್ಸಾ ಮಾಡಬಾರ್ದು ಅಂತ. ಮಮ್ಮಿ ಕೈ ಫಿರ್ ಸೇ ಮುರೀಬಾರ್ದು ಅಂತ. ನಾ ಭಗವಾನ್‌ಗೆ ಪ್ರಾಮಿಸ್ ಮಾಡಿದ್ದೆ. ವ್ರತ ತೂಟೀ ಗಯುಂ, ಮುರೀತು ಅಜ್ಜಿ. ಈಗ ಏನ್ ಆಗ್ತದ?”

ಎದ್ದು ಅಡುಗೆಮನೆಗೆ ಹೋದೆ. ಮಂಜುಳಾ ಎಡಗೈಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು.

“ಕೈ ಹೆಂಗ ಮುರೀತು?”

“ಹೇಳಿದ್ನೆಲ್ಲ ಬೇ. ಬಚ್ಚಲದಾಗ...”

“ಹುಡುಗಿ ಬ್ಯಾರೆ ಹೇಳ್ತು.”

ಅವಳು ಬೆಳ್ಳುಳ್ಳಿ ಸುಲಿಯುವುದನ್ನು ನಿಲ್ಲಿಸಲಿಲ್ಲ. ಸಿಪ್ಪೆಯನ್ನು ಒಂದು ಕಡೆ ಗುಡ್ಡೆ ಮಾಡಿದಳು. ಆಮೇಲೆ ಬೇರೆ ಯಾರದೋ ಮನೆಯ ಸುದ್ದಿ ಹೇಳುವ ಹಾಗೆ ಹೇಳಿದಳು. “ಸೂರತ್ತಿನ್ಯಾಗ ಇದ್ದಾಗ ವರಾಛಾದಾಗ ಮನಿ ಇತ್ತು. ಕೆಳಗಿನ ಮಹಡಿಯಾಗ ವಜ್ರಾ ಉಜ್ಜೂ ಚಕ್ರ ಹಗಲೆಲ್ಲಾ ತಿರುಗ್ತಿದ್ವು. ನಾ ಒದರಿದ್ರೂ ಯಾರಿಗೂ ಕೇಳ್ತಿರಲಿಲ್ಲ. ಇಲ್ಲಿ ಕೇಳ್ತದ. ಅದಕ್ಕ ಒದರೂದಿಲ್ಲ.”

“ಅಲ್ಲಿಂದಾನ ಐತೇನು?”

“ಮದಲಿಂದಾನ ಐತಿ.”

“ಯಾಕ ಹೇಳಲಿಲ್ಲ?”

ಆಗ ತಲೆ ಎತ್ತಿದಳು. “ಹೇಳಾಕ ಬಂದಿದ್ನೆಲ್ಲ ಬೇ. ನೀನ ಹೊಳ್ಳಿ ಕಳಿಸಿದಿ.”

ಕಳಿಸಿದ್ದು ಹೌದು. ಇಲ್ಲಿ ಅದನ್ನು ಬರೆಯದೆ ಬಿಟ್ಟರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ. ಐಶು ಆಗ ಐದು ವರ್ಷದವಳು. ಮಧ್ಯಾಹ್ನ ಖಾನಾವಳಿ ತುಂಬಿತ್ತು. ಮಂಜುಳಾ ಒಂದು ಚೀಲ, ಒಂದು ಮಗು ಹಿಡಿದುಕೊಂಡು ಹಿತ್ತಲ ಬಾಗಿಲಿಂದ ಬಂದಳು. ಅಲ್ಲಿ ಇರೂದಾಗೂದಿಲ್ಲ ಬೇ ಎಂದಳು. ನಾನು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಇಬ್ಬರಿಗೂ ಉಣ್ಣಲು ಹಾಕಿದೆ. ಗಿರಾಕಿ ಕರಗಿದ ಮೇಲೆ ಹೇಳಿದೆ: ಗಂಡಸು ಅಂದ್ರ ಹಂಗ ಇರ್ತಾನ, ಮೆಚ್ಚಿಸ್ಕೊಂಡು ಹೋಗು, ನಾನೂ ನಿಮ್ಮಪ್ಪನ್ನ ಮೆಚ್ಚಿಸ್ಕೊಂಡ ಇರಲಿಲ್ಲೇನು. ಸಂಜೆ ಹುಬ್ಬಳ್ಳಿ ಬಸ್ಸಿಗೆ ಹತ್ತಿಸಿದೆ. ಹತ್ತುವಾಗ ಹಿಂದೆ ತಿರುಗಿದಳು, ನಾನು ಹಿಟ್ಟಿನ ಕೈಯಿಂದಲೇ ಬೆನ್ನಿಗೆ ಕೈಕೊಟ್ಟು ಮೇಲೆ ನೂಕಿದೆ. ಅವಳ ನೀಲಿ ರವಿಕೆಯ ಮೇಲೆ ನನ್ನ ಐದು ಬೆರಳೂ ಬಿಳಿಯಾಗಿ ಮೂಡಿದ್ದವು.

ಮದುವೆಯ ದಿನ ಎಲ್ಲರೂ ಹೇಳುವ ಮಾತನ್ನೇ ನಾನೂ ಅವಳಿಗೆ ಹೇಳಿದ್ದೆ, ಅದು ತಪ್ಪಲ್ಲ ಎನ್ನಬಹುದು. ಎರಡನೇ ಸಲ ಹೇಳಿದ್ದು ತಪ್ಪು. ಏನಾಯಿತೆಂದು ಅವಳನ್ನು ಕೇಳದೆಯೇ ಹೇಳಿದೆ. ಕೇಳಿದ್ದರೆ ಅವಳನ್ನು ಇಟ್ಟುಕೊಳ್ಳಬೇಕಾಗುತ್ತಿತ್ತು.

ಆವತ್ತು ಸಂಜೆ ಅಳಿಯ ಬಂದ. ಬಾಗಿಲು ಹಾಕಿದ. ಐಶುವಿನ ಮುಖ ಊದಿತ್ತು. ಏನಾಯಿತೆಂದು ಕೇಳಿದ. ಮಂಜುಳಾ ಹೆದರಿ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು, ಅವ್ವ ಗೊತ್ತಿಲ್ಲದಂಗ ಹಿಟ್ಟಿಗೆ ಉಪ್ಪು ಹಾಕಿದ್ಲು ಎಂದು.

“ನಿಮ್ಮ ಮನಿತನಕ್ಕ ಒಂದು ಕೆಲಸ ನೆಟ್ಟಗ ಮಾಡಾಕ ಬರೂದಿಲ್ಲ,” ಎಂದ. ದನಿ ಏರಿಸಲಿಲ್ಲ. ಅವಳು ನೀರು ಕೊಡಲು ಮುಂದೆ ಚಾಚಿದ್ದ ಪ್ಲಾಸ್ಟರಿನ ಕೈಯನ್ನೇ ಹಿಡಿದ. ಎತ್ತಿ, ಊಟದ ಮೇಜಿನ ಕಲ್ಲಿನ ಅಂಚಿಗೆ ಇಟ್ಟ. ಭಾರದ ಪಾತ್ರೆಯನ್ನು ಕುಕ್ಕಿ ಇಡುತ್ತಾರಲ್ಲ, ಹಾಗೆ. ಎರಡು ಸಲ. ಮಂಜುಳಾ ಬಾಯಿಗೆ ಸೆರಗು ತುರುಕಿಕೊಂಡಳು. ಅವಳಿಗೆ ಅದು ರೂಢಿಯಾಗಿತ್ತು ಎಂಬುದು ಆ ಸೆರಗು ಬಾಯಿಗೆ ಹೋದ ವೇಗದಿಂದ ನನಗೆ ತಿಳಿಯಿತು.

ಅದುವರೆಗೆ ಅಳಿಯನಿಗೆ ನಾನು ರೀ ಹಚ್ಚದೆ ಮಾತಾಡಿದವಳಲ್ಲ.

“ಕೈ ಬಿಡೋ,” ಎಂದೆ.

ಅವನು ಬಿಟ್ಟ. ಹೆದರಿ ಅಲ್ಲ, ಆಶ್ಚರ್ಯಕ್ಕೆ. “ಅತ್ತಿ, ನೀವು ದೊಡ್ಡವರು. ಗಂಡ ಹೆಂಡ್ತಿ ನಡುವ ಬರಬ್ಯಾಡ್ರಿ. ನಿಮ್ಮ ಮಗಳಿಗೆ ನೀವು ಕಲಿಸಬೇಕಾಗಿತ್ತು.”

“ಕಲಿಸೀನಿ. ಅದ ತಪ್ಪಾತು.”

ಹೋಗಿ ಮರದ ಬಾಗಿಲನ್ನು ಗೋಡೆಗೆ ತಾಗುವ ಹಾಗೆ ತೆರೆದೆ. ಎದುರಿಗೆ ಹಂಸಾಬೆನ್, ಅವಳ ಗಂಡ, ಸೊಸೆ ಊಟಕ್ಕೆ ಕೂತಿದ್ದರು. ಎಲ್ಲರೂ ತಲೆ ಎತ್ತಿದರು. ನಾನು ಒಂದು ಕುರ್ಚಿ ಎಳೆದು ತಂದು ಬಾಗಿಲಿಗೆ ಆನಿಸಿ ಅದರ ಮೇಲೆ ಕೂತೆ. “ಸೆಖೆ ಆಗೇತಿ,” ಎಂದು ಕನ್ನಡದಲ್ಲೇ ಹೇಳಿದೆ. ಅಳಿಯ ಅವರ ಕಡೆ ನೋಡಿ ಸಣ್ಣಗೆ ನಕ್ಕು, ಕೋಣೆಗೆ ಹೋದ. ಕಚೇರಿಯಲ್ಲಿ, ಕೆರೆಯ ದಂಡೆಯಲ್ಲಿ, ಲಿಫ್ಟಿನಲ್ಲಿ ಅವನಿಗೆ ಬಹಳ ಒಳ್ಳೆಯ ಹೆಸರು. ಅದನ್ನು ಕಳೆದುಕೊಳ್ಳುವುದು ಅವನಿಗೆ ಆಗದ ಮಾತು. ಅವನಿಗೂ ಮೆಚ್ಚಿಸಲು ಜನ ಇದ್ದಾರೆ, ಅವರು ಮನೆಯ ಹೊರಗಿದ್ದಾರೆ ಅಷ್ಟೆ.

ನಾನು ಗೆದ್ದ ಹಾಗೆ ಇದನ್ನು ಓದಬೇಡಿ. ಐಶು ಮೂಲೆಯಲ್ಲಿ ನಿಂತಿದ್ದಳು. ಅಪ್ಪನನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು.

“ನೀನು ಉಪ್ಪು ಹಾಕಿದ್ದಕ್ಕ,” ಎಂದಳು. “ನಿನ್ನಿಂದ ಆತು, ಅಜ್ಜಿ.”

ಮರುದಿನ ಅವಳನ್ನು ಕೆರೆಯ ಬೆಂಚಿನ ಮೇಲೆ ಕೂರಿಸಿಕೊಂಡು ಕೇಳಿದೆ. “ಮೇಜಿಗೆ ಕೈ ಕುಕ್ಕಿದ್ದು ಯಾರು?”

“ಪಪ್ಪಾ.”

“ಮತ್ತ ಉಪ್ಪಿಗೇನು ಕೈ ಐತೇನು?”

“ವ್ರತ ಪೂರಾ ಆಗಿದ್ರ ಪಪ್ಪಾ ಮಾಡ್ತಿರಲಿಲ್ಲ.”

“ಹ್ವಾದ ವರ್ಷ ಪೂರಾ ಮಾಡಿದ್ದಿ. ಈ ವರ್ಷ ಕೈ ಮುರೀತಲ್ಲ?”

“ಹ್ವಾದ ವರ್ಷ ಮಾಂಗಿದ್ದು ಬ್ಯಾರೆ. ಸೈಕಲ್.” ಸೈಕಲ್ ಸಿಕ್ಕಿತ್ತೇ ಎಂದು ಕೇಳಬಾರದಿತ್ತು, ಕೇಳಿದೆ. ಸಿಕ್ಕಿತ್ತಂತೆ.

ನಾನು ಹೇಳಿದೆ: ನಿಮ್ಮಮ್ಮ ಹದಿನಾಲ್ಕು ವರ್ಷ ಮೆಚ್ಚಿಸಿದಳು. ನಾನು ನಿಮ್ಮಜ್ಜನನ್ನು ಅವನು ಸಾಯುವವರೆಗೆ ಮೆಚ್ಚಿಸಿದೆ. ಹೊಡೆಯುವವನು ಹೊಡೆಯಬೇಕೆಂದು ಹೊಡೆಯುತ್ತಾನೆ, ಉಪ್ಪು ಹೆಚ್ಚಾದರೆ ಅದು ನೆವ, ಕಡಿಮೆಯಾದರೂ ನೆವ. ಕೆಲವು ಮಾತು ಅವಳಿಗೆ ತಿಳಿಯಲಿಲ್ಲ, ನನಗೆ ಅವನ್ನು ಗುಜರಾತಿಯಲ್ಲಿ ಹೇಳಲು ಬರಲಿಲ್ಲ. ಮಗಳಿಗೆ ಹೇಳಬೇಕಾದ ವಯಸ್ಸಿನಲ್ಲಿ ಹೇಳದೆ, ಈಗ ಭಾಷೆ ಸಾಲದ ಮೊಮ್ಮಗಳ ಮುಂದೆ ಹೇಳುತ್ತ ಕೂತಿದ್ದೆ. ಅವಳು ಕೆರೆಯ ಬಾತುಕೋಳಿ ಎಣಿಸುತ್ತಿದ್ದಳು.

ಮಂಜುಳಾಳಿಗೂ ಹೇಳಿದೆ, ನಡಿ ಹೋಗೂಣು ಎಂದು. “ಎಲ್ಲಿಗೆ?” ಎಂದಳು. ಖಾನಾವಳಿ ಈಗ ಮಗ ಈರಣ್ಣನ ಕೈಯಲ್ಲಿದೆ, ಮನೆಯಲ್ಲಿ ಅವನ ಸಂಸಾರ. “ಐಶುನ ಸಾಲಿ ಇಲ್ಲಿ. ಅಲ್ಲಿ ಅಣ್ಣನ ಮನಿಯಾಗ ನಾ ಮತ್ತ ವೈನಿನ್ನ ಮೆಚ್ಚಿಸ್ಕೊಂಡು ಇರಬೇಕು. ಇಲ್ಲೇನು, ಅಲ್ಲೇನು.” ಪೊಲೀಸರ ಮಾತೆತ್ತಿದೆ. ಕೈ ಮುಗಿದಳು, ಬ್ಯಾಡ ಬೇ ಎಂದಳು. ಹಂಸಾಬೆನ್‌ಗೆ ಮಾತ್ರ ಎಲ್ಲ ಹೇಳಿದೆ. ಹಿಂದಿ ಸಾಲದ ಕಡೆ ಕೈಯಲ್ಲಿ ಮಾಡಿ ತೋರಿಸಿದೆ. ಅವಳು ಒಂದೇ ಮಾತು ಹೇಳಿದಳು, ನಿಮ್ಮ ಬಾಗಿಲು ಮುಚ್ಚಿದ್ದು ಕಂಡರೆ ನಾನು ಗಂಟೆ ಒತ್ತುತ್ತೇನೆ, ಸಕ್ಕರೆ ಬೇಕು ಎನ್ನುತ್ತೇನೆ. ಆ ವರ್ಷ ಅವಳು ನಮ್ಮಿಂದ ಏಳೆಂಟು ಬಟ್ಟಲು ಸಕ್ಕರೆ ಒಯ್ದಿದ್ದಾಳೆ.

ಪ್ಲಾಸ್ಟರ್ ಬಿಚ್ಚಿದರು. ಮಣಿಕಟ್ಟು ಸ್ವಲ್ಪ ಸೊಟ್ಟ ಕೂತಿದೆ, ಚಪಾತಿ ಲಟ್ಟಿಸಿದರೆ ಒಂದು ಕಡೆ ದಪ್ಪ ಬರುತ್ತದೆ. ನಾನು ಹೋಗಲಿಲ್ಲ. ಇನ್ನು ಹದಿನೈದು ದಿನ, ಇನ್ನು ದೀಪಾವಳಿ ಎನ್ನುತ್ತ ಒಂದು ವರ್ಷವಾಯಿತು. ಅಳಿಯ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ತಟ್ಟೆ ಸರಿಸುತ್ತಾನೆ, ಸರಿಸಿದ ತಟ್ಟೆಯನ್ನು ನಾನು ಎತ್ತಿ ತೊಳೆಯಲು ಹಾಕುತ್ತೇನೆ, ಯಾರೂ ಉಪ್ಪು ತುಪ್ಪ ಎಂದು ಓಡುವುದಿಲ್ಲ. ಕೈ ಎತ್ತಿಲ್ಲ. ಆದರೆ ಕಾಯುತ್ತಿದ್ದಾನೆ. ಮತ್ತೆ ವಡೋದರಾಕ್ಕೆ ವರ್ಗ ಕೇಳಿದ್ದಾನಂತೆ, ಅಲ್ಲಿ ಕಚೇರಿಯವರದೇ ಒಂಟಿ ಮನೆ ಇದೆಯಂತೆ, ಎದುರು ಬಾಗಿಲಿಲ್ಲದ್ದು. ಲಿಫ್ಟಿನ ಸದ್ದಿಗೆ ಮಂಜುಳಾ ಈಗಲೂ ಎದ್ದು ನಿಲ್ಲುತ್ತಾಳೆ. ಒಂದು ಸಲ ಅಳಿಯ ಊರಲ್ಲಿರಲಿಲ್ಲ, ಆವತ್ತೂ ಎದ್ದಳು, ಆಮೇಲೆ ನನ್ನ ಮುಖ ನೋಡಿ ನಾಚಿಕೊಂಡು ಕೂತಳು.

ಹೋದ ತಿಂಗಳು ಈರಣ್ಣ ಫೋನ್ ಮಾಡಿದ.

“ಬೇ, ಯಾವಾಗ ಬರ್ತಿ? ಈ ವಯಸ್ಸಿನ್ಯಾಗ ಅಲ್ಲಿ ಹೆಚ್ಚುಕಡಿಮಿ ಆದ್ರ ಏನ್ ಮಾಡೂದು? ಅಪ್ಪನ ಮಗ್ಗಲಿಗೆ ನಿನಗಂತ ಜಾಗಾ ಬಿಟ್ಟೀವಿ.”

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಕೂರಿಸಿ ಮಣ್ಣು ಕೊಡುತ್ತಾರೆ. ಹೊಲದ ಬದುವಿನಲ್ಲಿ ನನ್ನ ಗಂಡನ ಗದ್ದುಗೆಯ ಪಕ್ಕ ಒಬ್ಬರು ಹಿಡಿಯುವಷ್ಟು ಜಾಗ ಖಾಲಿ ಇದೆ. ಈಗ ಅಲ್ಲಿ ಎಮ್ಮೆ ಕಟ್ಟುತ್ತಾರಂತೆ.

“ಎಮ್ಮಿ ಇರಲಿ, ಬಿಚ್ಚಬ್ಯಾಡ,” ಎಂದೆ. “ಇಲ್ಲೇ ಸತ್ರ ಇಲ್ಲೇ ಸುಡ್ತಾರ. ಸತ್ತ ಮ್ಯಾಲೆ ನನಗೇನ್ ಗೊತ್ತಾಗ್ತೈತಿ.”

ನಾನು ಗಟ್ಟಿ ಹೆಂಗಸು ಎಂದು ಊರಲ್ಲಿ ಹೆಸರಿದೆ. ಆದರೂ ಫೋನಿಟ್ಟ ಮೇಲೆ ಆ ಬದುವಿನ ಮಣ್ಣಿನ ಬಣ್ಣ ಕಣ್ಣೆದುರು ಬಂತು, ಎರೆಮಣ್ಣು, ಮಳೆಯಾದರೆ ಚಪ್ಪಲಿ ಬಿಡದು. ಇಲ್ಲಿಯ ಬೆಂಕಿ ಹೇಗಿರುತ್ತದೋ ಗೊತ್ತಿಲ್ಲ. ಹಂಸಾಬೆನ್‌ಳನ್ನು ಕೇಳಿದೆ. ನದಿಯ ದಂಡೆಯಲ್ಲಿ ಒಳ್ಳೆಯ ವ್ಯವಸ್ಥೆ ಇದೆ ಬಾ ಎಂದಳು, ಮದುವೆ ಛತ್ರದ ಬಗ್ಗೆ ಹೇಳುವ ಹಾಗೆ.

ಫೋನಿನ ಮಾತು ಐಶುವಿಗೆ ಅರ್ಧ ಕೇಳಿಸಿತ್ತು, ಅರ್ಧ ತಿಳಿದಿತ್ತು. ಮಾಮಾ ಕರೆಯುತ್ತಿದ್ದಾನೆ, ಅಜ್ಜಿ ಹೋಗುತ್ತಾಳೆ ಎಂದುಕೊಂಡಳು. ಅದರ ಮರುವಾರವೇ ಆಷಾಢದ ವ್ರತ ಬಂತು. ನಾನು ಬೇಡವೆಂದು ಹೇಳಿದ್ದೆ, ಮಂಜುಳಾ ಕೂಡ ಮಾಡು ಎಂದಿರಲಿಲ್ಲ. ಆದರೂ ಬೆಳಿಗ್ಗೆ ಎದ್ದಾಗ ಅವಳ ಕಿಟಕಿಯಲ್ಲಿ ಗೋಧಿಯ ಕುಂಡ ಇತ್ತು.

“ಈ ಸಲ ಯಾರನ್ನ ಮೆಚ್ಚಿಸಾಕ?” ಎಂದು ಕೇಳಿದೆ.

ಹೇಳಲಿಲ್ಲ. ಧ್ರುವಿ ಬಾಯಿಬಿಟ್ಟಳು. “ಬಾ ಪಾಛಾ ನ ಜಾಯ್.” ಅಜ್ಜಿ ವಾಪಸ್ ಹೋಗದಿರಲಿ ಎಂದು.

ಐಶುವನ್ನು ಎದುರು ಕೂರಿಸಿಕೊಂಡು, ನಾನು ಹೋಗುವುದಿಲ್ಲ, ಯಾವ ದೇವರೂ ನನ್ನನ್ನು ಹಿಡಿದಿಟ್ಟಿಲ್ಲ, ಇರಬೇಕೆಂದು ನಾನೇ ಠರಾಯಿಸಿದ್ದೇನೆ, ನನ್ನ ಹೆಣ ಕೂಡ ಇಲ್ಲೇ ಎಂದು ನಿನ್ನ ಮಾಮಾನಿಗೆ ಹೇಳಿಯಾಗಿದೆ, ಉಪ್ಪು ಹಾಕಿದ ಅನ್ನ ಉಣ್ಣು ಎಂದೆ. ತಲೆಯಾಡಿಸಿದಳು. ಉಣ್ಣಲಿಲ್ಲ. ಐದು ದಿನವೂ ಸಪ್ಪೆ ಉಂಡು, ಮೆಹಂದಿ ಕೈಯಲ್ಲಿ ಕುಂಡ ಹಿಡಿದು ಗುಡಿಗೆ ಹೋಗಿಬಂದಳು.

ನಾನು ಹೋಗಲಿಲ್ಲ. ಶಂಕರ ಮೆಚ್ಚಿದ, ಅದಕ್ಕೇ ಅಜ್ಜಿ ಊರಿಗೆ ಹೋಗಲಿಲ್ಲ ಎಂದು ಅವಳು ಧ್ರುವಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು. ನಾನು ಇಲ್ಲಿ ಇರುವಷ್ಟು ದಿನ, ಮೆಚ್ಚಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ಆ ಹುಡುಗಿ ನಂಬುತ್ತಲೇ ಇರುತ್ತಾಳೆ. ಆ ನಂಬಿಕೆ ಮುರಿಯಬೇಕಾದರೆ ನಾನು ಹುಬ್ಬಳ್ಳಿಯ ರೈಲು ಹತ್ತಬೇಕು. ಹತ್ತಿದರೆ ಮುರಿಯುವುದು ಅದೊಂದೇ ಅಲ್ಲ.